ಒಂದು ಕಂಪ್ಯೂಟರಿನ ಜೀರ್ಣೋದ್ಧಾರ

ಹೊಸ ಗುಡಿಯನ್ನು ಕಟ್ಟಿಸುವುದಕ್ಕಿಂತ ಹಳೆಯ ಗುಡಿಯ ಜೀರ್ಣೋದ್ಧಾರಕ್ಕೆ ಪುಣ್ಯ ಹೆಚ್ಚು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಮಾತು ಮನೆಯ ಮೂಲೆಯಲ್ಲಿರುವ ಕಂಪ್ಯೂಟರಿಗೂ ಸಲ್ಲುವುದೆಂದು ನಾನು ತಿಳಿದುಕೊಂಡದ್ದು 2024ರ ಬೇಸಗೆಯಲ್ಲಿ. ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ಓದುಗರು ಕೇಳಬಹುದು. ಮಗಳಿಗಾಗಿ ಎಂಬುದಷ್ಟೇ ನನ್ನ ಉತ್ತರ.

ಆ ಹಿಂದಿನ ವರ್ಷ ನನಗೆ ಮೈಸೂರಿನಿಂದ ಮಲೆನಾಡಿನ ಸಣ್ಣ ಊರೊಂದಕ್ಕೆ ವರ್ಗವಾಗಿತ್ತು. ಹದಿನಾಲ್ಕು ವರ್ಷದ ಮಗಳು ತನ್ನ ಮೂವರು ಗೆಳತಿಯರನ್ನು ಅಲ್ಲಿಯೇ ಬಿಟ್ಟು ಬಂದಳು. ಅವರ ನಡುವೆ ಉಳಿದ ತಂತು ಒಂದೇ: ಮೈನ್‌ಕ್ರಾಫ್ಟ್ ಎಂಬ ಆಟ. ಚೌಕಾಕಾರದ ಕಲ್ಲು, ಮಣ್ಣು, ಮರಗಳಿಂದ ಮನಬಂದದ್ದನ್ನು ಕಟ್ಟುವ ಆಟ ಅದು; ನಾಲ್ವರೂ ಸೇರಿ ಅದರೊಳಗೆ ಒಂದು ಹಳ್ಳಿಯನ್ನೇ ಕಟ್ಟಿದ್ದರು. ಪ್ರತಿದಿನ ಸಂಜೆ ಏಳು ಗಂಟೆಗೆ ಅಲ್ಲಿ ಕೂಡುವುದು ಅವರ ಪದ್ಧತಿ.

ನಮ್ಮ ಮನೆಯ ಯಂತ್ರವೋ, ನನ್ನ ತಮ್ಮನು 2014ರಲ್ಲಿ ಆಟಕ್ಕೆಂದೇ ಜೋಡಿಸಿಕೊಂಡಿದ್ದುದು: ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಐ5 ಪ್ರೊಸೆಸರ್, ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್, ಹಣ ಸಾಲದೆ ಕೇವಲ 4 ಜಿಬಿ ರ‍್ಯಾಮ್. ಹತ್ತು ವರ್ಷಗಳಲ್ಲಿ ಅದಕ್ಕೆ ಮುಪ್ಪು ಬಂದಿತ್ತು. ಆ ಹಳ್ಳಿ ಪರದೆಯ ಮೇಲೆ ಮೂಡುವ ಹೊತ್ತಿಗೆ ಗೆಳತಿಯರು ಆಟ ಮುಗಿಸಿ ಎದ್ದಿರುತ್ತಿದ್ದರು. ಕ್ರಮೇಣ ಮಗಳು ಅದರ ಮುಂದೆ ಕೂರುವುದನ್ನೇ ಬಿಟ್ಟಳು. ಅವಳು ದೂರಲಿಲ್ಲ, ಆ ಮೌನವೇ ನನ್ನನ್ನು ಕಾಡಿತು.

ಉತ್ತರಪತ್ರಿಕೆಗಳ ಮೌಲ್ಯಮಾಪನದಿಂದ ಬಂದ ಎಂಟು ಸಾವಿರ ರೂಪಾಯಿ ನನ್ನ ಕೈಯಲ್ಲಿತ್ತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಹೊಸ ಪ್ರೊಸೆಸರ್ ಎಂದರೆ ಅದಕ್ಕೊಪ್ಪುವ ಮದರ್‌ಬೋರ್ಡ್ ಬೇಕು. ಮದರ್‌ಬೋರ್ಡ್ ಹೊಸದಾದರೆ ಅದಕ್ಕೊಪ್ಪುವ ರ‍್ಯಾಮ್ ಬೇಕು. ಒಂದು ಕಂಬವನ್ನು ಬದಲಿಸಹೊರಟರೆ ಮಾಡನ್ನೇ ಇಳಿಸಬೇಕಾದಂತೆ. ಲೆಕ್ಕ ಇಪ್ಪತ್ತೈದು ಸಾವಿರವನ್ನು ದಾಟಿತು. ಬರಿಗೈಯಲ್ಲಿ ಹಿಂದಿರುಗಿದೆ.

ದಾರಿ ತೋರಿಸಿದವನು, ನಮ್ಮ ಕಾಲೇಜಿನಲ್ಲಿಯೇ ಓದಿ ಊರಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಒಬ್ಬ ತರುಣ. "ದುಡ್ಡು ಹಾಕೋದಕ್ಕೆ ಮೊದಲು ರೋಗ ಎಲ್ಲಿದೆ ನೋಡೋಣ, ಸಾರ್" ಎಂದು ಆತ ಟಾಸ್ಕ್ ಮ್ಯಾನೇಜರನ್ನು ತೆರೆದ. ಆಟ ನಡೆಯುತ್ತಿದ್ದಾಗ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಅರ್ಧದಷ್ಟು ಕೆಲಸವೂ ಇರಲಿಲ್ಲ. ರ‍್ಯಾಮ್ ತುಂಬಿ ತುಳುಕುತ್ತಿತ್ತು. ಹಾರ್ಡ್ ಡಿಸ್ಕ್ ನೂರಕ್ಕೆ ನೂರರಷ್ಟು ದುಡಿಯುತ್ತಿತ್ತು. ರ‍್ಯಾಮಿನಲ್ಲಿ ಹಿಡಿಸದುದನ್ನು ಯಂತ್ರವು ಡಿಸ್ಕಿನಲ್ಲಿಟ್ಟು ಮತ್ತೆ ಮತ್ತೆ ತರಿಸಿಕೊಳ್ಳುತ್ತದೆ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಆ ವೇಗವಿಲ್ಲ. ಮೇಜು ಚಿಕ್ಕದಾದ ಗುಮಾಸ್ತನು ಒಂದೊಂದು ಕಡತಕ್ಕೂ ಉಗ್ರಾಣಕ್ಕೆ ಓಡಿದಂತೆ. ನಾವು ಗುಮಾಸ್ತನ ಬುದ್ಧಿಯನ್ನು ಶಂಕಿಸಿದ್ದೆವು, ಕೊರತೆಯಿದ್ದದ್ದು ಮೇಜಿನಲ್ಲಿ.

ಕೊಂಡದ್ದು ಇಷ್ಟು: ಒಮ್ಮೆ ಬಳಸಿದ 8 ಜಿಬಿಯ ಎರಡು ರ‍್ಯಾಮ್, 1,800 ರೂಪಾಯಿ; 480 ಜಿಬಿಯ ಎಸ್‌ಎಸ್‌ಡಿ, 2,700; ಪ್ರೊಸೆಸರಿನ ಬಿಸಿ ಇಳಿಸಲು ಥರ್ಮಲ್ ಪೇಸ್ಟ್, 200. ಒಟ್ಟು 4,700. ಹಳೆಯ ಬೋರ್ಡಿಗೆ ಡಿಡಿಆರ್3 ರ‍್ಯಾಮೇ ಆಗಬೇಕು. ಡಿಡಿಆರ್4ರ ಕಚ್ಚು ಬೇರೆ ಕಡೆ ಇರುವುದರಿಂದ ಅದು ಕೂಡುವುದೇ ಇಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಆದ್ದರಿಂದ ಕಾಯುವ ಪ್ರಮೇಯವೂ ಕಡಮೆ. ಫ್ಯಾನಿನಲ್ಲಿ ಹತ್ತು ವರ್ಷ ಕೂತಿದ್ದ ದೂಳನ್ನು ಮಗಳೇ ಬ್ರಷ್ಷಿನಿಂದ ತೆಗೆದಳು.

ಉಳಿದ ಹಣಕ್ಕೆ ಗ್ರಾಫಿಕ್ಸ್ ಕಾರ್ಡ್ ಬದಲಿಸೋಣವೆಂದರೆ ಆತನೇ ತಡೆದ: "ಬೇಡಿ ಸಾರ್. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಇದರ ಮೇಲೆ ಇನ್ನು ಸುರಿಯಬೇಡಿ." ಎಲ್ಲಿ ನಿಲ್ಲಿಸಬೇಕೆಂಬುದೂ ಜೀರ್ಣೋದ್ಧಾರದಲ್ಲಿ ಒಂದು ವಿದ್ಯೆ. ಆತನ ಮಾತು ಸರಿಯಾಗಿಯೇ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಆಮೇಲೆ ನಾವು ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕಿಸಿಕೊಂಡೆವು. ಆಟದ ಜಾವಾ ಆವೃತ್ತಿ ಅದರಲ್ಲಿಯೂ ನಡೆಯುತ್ತದೆ.

ಆದರೆ ನಾನು ಮತ್ತೆ ಮತ್ತೆ ನೆನೆಯುವುದು ದುರಸ್ತಿಯಾದ ದಿನದ ಸಂಜೆಯನ್ನು. ಏಳು ಗಂಟೆಗೆ ಸರಿಯಾಗಿ ಮಗಳು ತನ್ನ ಹಳ್ಳಿಯೊಳಗೆ ಕಾಲಿಟ್ಟಳು. ಆ ಲೋಕದಲ್ಲಿ ಕತ್ತಲೆಯಿದ್ದೆಡೆ ಭೂತಗಳು ಹುಟ್ಟುತ್ತವೆಯಂತೆ; ಪಂಜು ನೆಟ್ಟು ಬೆಳಕಾದಲ್ಲಿ ಅವುಗಳ ಕಾಟವಿಲ್ಲ. ಅವಳು ಅರ್ಧ ಕಟ್ಟಿ ಬಿಟ್ಟುಬಂದ ಮನೆಯ ಸುತ್ತಲೂ ಸಾಲಾಗಿ ಪಂಜುಗಳು ಉರಿಯುತ್ತಿದ್ದವು.

"ನಾನು ನೆಟ್ಟದ್ದಲ್ಲ, ಅಪ್ಪಾ" ಎಂದಳು ಮಗಳು.

ಪರದೆಯ ಮೇಲೆ ಗೆಳತಿಯೊಬ್ಬಳ ಪ್ರಶ್ನೆ ಮೂಡಿತು: "ಯಾಕೇ ಇಷ್ಟು ದಿನ ಬರಲಿಲ್ಲ?" ಮಗಳು ಉತ್ತರ ಬರೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಈ ಸಲ ತಡವಾದದ್ದು ಯಂತ್ರದಿಂದಲ್ಲ.