ನಾಣ್ಯಲೇಖಗಳ ಛಾಯಾಚಿತ್ರಣದಲ್ಲಿ ಬೆಳಕಿನ ದಿಕ್ಕು

ಹೊಯ್ಸಳ ವಿಷ್ಣುವರ್ಧನನು ಸು. ೧೧೧೬ರಲ್ಲಿ ಚೋಳರಿಂದ ತಳಕಾಡನ್ನು ಗೆದ್ದ ಮೇಲೆ ಹೊರಡಿಸಿದ ಚಿನ್ನದ ನಾಣ್ಯದ ಒಂದು ಮೈಯಲ್ಲಿ ಸಿಂಹಾಕೃತಿಯೂ ಮತ್ತೊಂದು ಮೈಯಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡ ಲೇಖವೂ ಇವೆ. ಆತನದೇ ಇನ್ನೊಂದು ಬಗೆಯ ನಾಣ್ಯದಲ್ಲಿ ‘ಶ್ರೀ ನೊಳಂಬವಾಡಿಗೊಂಡ’ ಎಂದಿರುತ್ತದೆ. ಅಂಗುಲಕ್ಕಿಂತ ಕಿರಿದಾದ ಈ ಬಿಲ್ಲೆಗಳನ್ನು ಕೈಯಲ್ಲಿ ಹಿಡಿದು ನೋಡಿದವರು ಕೆಲವರೇ. ಉಳಿದ ವಿದ್ವಾಂಸರು ಛಾಯಾಚಿತ್ರವನ್ನು ನೋಡಿಯೇ ಲೇಖವನ್ನು ಓದಬೇಕಾಗಿದೆ. ಆದುದರಿಂದ ಚಿತ್ರವನ್ನು ತೆಗೆಯುವಾಗ ಬೆಳಕು ಯಾವ ಕಡೆಯಿಂದ ಬಿದ್ದಿತೆಂಬುದೂ ಪಾಠವಿಚಾರಕ್ಕೇ ಸೇರಿದ ವಿಷಯವಾಗುತ್ತದೆ.

ನಾಣ್ಯದ ಅಕ್ಷರಗಳಿಗೆ ಮಸಿಯಿಲ್ಲ. ಅಕ್ಷರಕ್ಕೂ ಅದರ ನೆಲಕ್ಕೂ ಒಂದೇ ಬಣ್ಣ; ಉಬ್ಬಿದ ಗೆರೆಯ ಒಂದು ಪಕ್ಕಕ್ಕೆ ಬೆಳಕೂ ಮತ್ತೊಂದು ಪಕ್ಕಕ್ಕೆ ನೆರಳೂ ಬಿದ್ದಾಗಲೇ ಅಕ್ಷರವು ತೋರುತ್ತದೆ. ದೀಪವನ್ನು ಓರೆಯಾಗಿ, ತಗ್ಗಿನಲ್ಲಿ ಇಟ್ಟರೆ ಸವೆದ ಗೆರೆಯೂ ಎದ್ದು ಕಾಣುವುದು. ಆದರೆ ಇಲ್ಲಿಯೇ ಒಂದು ಮೋಸವುಂಟು. ಬೆಳಕು ಹರಿಯುವ ದಿಕ್ಕಿನಲ್ಲಿಯೇ ಹರಿಯುವ ಗೆರೆಗೆ ನೆರಳಿಲ್ಲ. ಎಡಗಡೆಯ ದೀಪದಲ್ಲಿ ತಲೆಕಟ್ಟಿನ ಅಡ್ಡಗೆರೆ ಅಡಗುತ್ತದೆ. ಮೇಲ್ಗಡೆಯ ದೀಪದಲ್ಲಿ ನಿಂತ ಗೆರೆ ಅಡಗುತ್ತದೆ. ಹೀಗೆ ಒಂದು ಗೆರೆ ತಪ್ಪಿದರೆ ದೀರ್ಘವು ಹ್ರಸ್ವವಾದೀತು, ಒತ್ತಕ್ಷರವು ಕಾಣದೆ ಹೋದೀತು, ಇಲ್ಲದ ಬಿರುದೊಂದು ಚರಿತ್ರೆಯೊಳಗೆ ಸೇರಿಕೊಂಡೀತು. ನಾಣ್ಯವನ್ನೂ ಕ್ಯಾಮೆರಾವನ್ನೂ ಕದಲಿಸದೆ ದೀಪವನ್ನು ಮಾತ್ರ ಸರಿಸಿ, ಎರಡು ಮೂರು ಚಿತ್ರಗಳನ್ನು ತೆಗೆದು ಹೋಲಿಸುವುದೇ ಉಪಾಯ. ಒಂದೇ ಚಿತ್ರವನ್ನು ನಂಬಿ ಓದುವುದು, ಒಂದೇ ಓಲೆಪ್ರತಿಯನ್ನು ನಂಬಿ ಕಾವ್ಯವನ್ನು ಸಂಪಾದಿಸಿದಂತೆಯೇ ಸರಿ.

ಬೆಳಕು ಮೇಲಿನಿಂದ ಬರುವುದೆಂಬುದು ಕಣ್ಣಿನ ಅಭ್ಯಾಸ. ಚಿತ್ರದ ಕೆಳಗಡೆಯಿಂದ ಬೆಳಕು ಬಿದ್ದಿದ್ದರೆ ಉಬ್ಬಿದ ಸಿಂಹವು ಕೊರೆದ ಸಿಂಹದಂತೆ ತೋರುವುದು. ಆದಕಾರಣ ಮುಖ್ಯ ದೀಪವನ್ನು ಎಡಮೇಲ್ಗಡೆಯಲ್ಲಿ ಇಡುವುದು ರೂಢಿ.

ಚಿನ್ನದ ಹೊಳಪು ಕಣ್ಣು ಕೋರೈಸಿದರೆ ದೀಪಕ್ಕೆ ತೆಳುವಾದ ಬಿಳಿಯ ಕಾಗದವನ್ನು ಅಡ್ಡಹಿಡಿಯಬಹುದು. ಅತಿಯಾದರೆ ನೆರಳೇ ಕರಗಿಹೋಗುತ್ತದೆ. ಹಿಂದಿನ ಸೂಚೀಗ್ರಂಥಕಾರರು ನಾಣ್ಯದ ಬಿಳಿಯ ಪ್ಲಾಸ್ಟರಿನ ಅಚ್ಚನ್ನು ತೆಗೆದು, ಅದರ ಚಿತ್ರವನ್ನು ಮುದ್ರಿಸುತ್ತಿದ್ದುದೂ ಈ ಹೊಳಪಿನ ಕಾಟದಿಂದಲೇ. ಹೊಳಪು ಹೆಚ್ಚಲೆಂದು ನಾಣ್ಯವನ್ನು ಉಜ್ಜುವುದಂತೂ ಅಪಚಾರ. ಬಟ್ಟಲಿನಂತೆ ಕುಳಿಬಿದ್ದ ಪದ್ಮಟಂಕಗಳಿಗೆ ಓರೆಬೆಳಕು ಸಾಲದು, ಅಂಚಿನ ನೆರಳೇ ಒಳಗಿನ ಮುದ್ರೆಗಳನ್ನು ಮುಚ್ಚುತ್ತದೆ. ಅಲ್ಲಿ ಕ್ಯಾಮೆರಾಕ್ಕೂ ನಾಣ್ಯಕ್ಕೂ ನಡುವೆ ಗಾಜಿನ ಹಲಗೆಯೊಂದನ್ನು ೪೫ ಅಂಶಗಳ ಓರೆಯಲ್ಲಿ ನಿಲ್ಲಿಸಿ, ಪಕ್ಕದ ದೀಪದ ಬೆಳಕು ಗಾಜಿನಿಂದ ಪ್ರತಿಫಲಿಸಿ ನೇರವಾಗಿ ಕೆಳಕ್ಕೆ ಬೀಳುವಂತೆ ಮಾಡುತ್ತಾರೆ.

ಅಚ್ಚಾದ ಚಿತ್ರದ ಕೆಳಗೆ ತೂಕವನ್ನೂ ವ್ಯಾಸವನ್ನೂ ಕೊಡುವ ಸಂಪಾದಕರು ಬೆಳಕಿನ ದಿಕ್ಕನ್ನೂ ಒಂದು ಪದದಲ್ಲಿ ಸೂಚಿಸಿದರೆ, ಯಾವ ಗೆರೆಯನ್ನು ಸಂದೇಹಿಸಬೇಕೆಂಬುದು ಓದುವವರಿಗೆ ತಿಳಿದೀತು.