ಮಹಾಂತ ಜೋಳಿಗೆ ಮತ್ತು ನಮ್ಮ ಹದಿಹರೆಯದ ಮಕ್ಕಳು

ಜಂಗಮರ ಜೋಳಿಗೆಯನ್ನು ಕಂಡೊಡನೆ ನಮ್ಮ ಭಾಗದ ತಾಯಂದಿರು ಮೊರದಲ್ಲಿ ಜೋಳವನ್ನೋ ಹಿಟ್ಟನ್ನೋ ತಂದು ನೀಡುವುದು ತಲೆತಲಾಂತರದ ರೂಢಿ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಈ ರೂಢಿಗೆ ಹೊಸ ಅರ್ಥವನ್ನಿತ್ತರು. ಮನೆಮನೆಯ ಮುಂದೆ ಜೋಳಿಗೆಯೊಡ್ಡಿ ಅವರು ಬೇಡಿದ್ದು ಕಾಳುಕಡಿಯನ್ನಲ್ಲ, ಮನೆಯವರ ದುಶ್ಚಟಗಳನ್ನು. ಕುಡಿತ, ಬೀಡಿ, ತಂಬಾಕುಗಳನ್ನು ಇನ್ನು ಮುಟ್ಟೆವೆಂದು ಮಾತು ಕೊಟ್ಟು ಜೋಳಿಗೆಗೆ ಹಾಕಿದವರನ್ನು ನಮ್ಮ ಸೀಮೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. 'ಮಹಾಂತ ಜೋಳಿಗೆ' ಎಂದೇ ಹೆಸರಾದ ಆ ಕಾರ್ಯದ ಗೌರವಾರ್ಥವಾಗಿ ಪೂಜ್ಯರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ.

ಜೋಳಿಗೆಗೆ ಬಿದ್ದ ಚಟಗಳು ಬಹುಮಟ್ಟಿಗೆ ಬೆಳೆದವರವು. ಹತ್ತಿಪ್ಪತ್ತು ವರ್ಷ ಹಿಡಿದು ಕಾಡಿದ ಮೇಲೆ ಬಿಟ್ಟಂಥವು. ಆದರೆ ಅವು ಹತ್ತಿಕೊಂಡ ಕಾಲವನ್ನು ಕೇಳಿ ನೋಡಿದರೆ ಉತ್ತರ ಮತ್ತೆ ಮತ್ತೆ ಒಂದೇ ಕಡೆಗೆ ಬರುತ್ತದೆ: ಎಂಟನೆಯ, ಒಂಬತ್ತನೆಯ ಇಯತ್ತೆ, ಜೊತೆಗಾರರು, ಒಂದು ಜಾತ್ರೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯನ್ನೇ ನೆನೆಯಿರಿ. ರಾತ್ರಿಯೆಲ್ಲ ನಾಟಕ, ಕೈಯಲ್ಲಿ ನಾಲ್ಕು ಕಾಸು, ಹಿರಿಯರ ಕಣ್ಣಿಗೆ ಬೀಳದಷ್ಟು ಜನಜಂಗುಳಿ. ಗೆಳೆಯನೊಬ್ಬ ಚೀಟು ಹರಿದು ಅಂಗೈಗೆ ಸುರಿಯುತ್ತಾನೆ. ಆ ಕ್ಷಣದಲ್ಲಿ ಹದಿನಾಲ್ಕರ ಹುಡುಗನ ಮೈಯೊಳಗೆ, ಮನಸ್ಸಿನೊಳಗೆ ನಡೆಯುವುದೇನೆಂಬುದನ್ನು ತಂದೆತಾಯಿಗಳು ತಿಳಿದಿರಬೇಕೆಂಬುದು ನಮ್ಮ ಈ ಲೇಖನದ ಉದ್ದೇಶ.

ಹದಿಹರೆಯದ ಮಿದುಳು ಎಲ್ಲ ಭಾಗಗಳಲ್ಲಿಯೂ ಒಂದೇ ವೇಗದಲ್ಲಿ ಬಲಿಯುವುದಿಲ್ಲ. ಸುಖ, ಹುರುಪು, ಹೊಸತರ ಆಸೆಗಳನ್ನು ನಡೆಸುವ ಒಳಭಾಗ ಬೇಗನೆ ಚುರುಕಾಗುತ್ತದೆ. ಮುಂದಾಲೋಚನೆ ಮಾಡಿ 'ಬೇಡ, ನಿಲ್ಲು' ಎನ್ನುವ ಹಣೆಯ ಹಿಂದಿನ ಭಾಗವಾದರೋ ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಎತ್ತುಗಳು ಓಟ ಕಿತ್ತಿವೆ, ಹಗ್ಗ ಹಿಡಿಯುವ ಕೈ ಇನ್ನೂ ಎಳೆಯದು. ಗೆಳೆಯರು ನೋಡುತ್ತಿದ್ದಾರೆಂದರೆ ಆ ಎತ್ತುಗಳ ಓಟ ಇನ್ನಷ್ಟು ಜೋರು. ಹುಡುಗ ಕೆಟ್ಟವನೆಂದೋ ಸಂಸ್ಕಾರವಿಲ್ಲದವನೆಂದೋ ಇದರ ಅರ್ಥವಲ್ಲ. ನಿತ್ಯ ತಪ್ಪದೆ ಇಷ್ಟಲಿಂಗ ಪೂಜೆ ಮಾಡುವ ಮನೆಯ ಮಗುವಿನ ಮಿದುಳೂ ಹೀಗೆಯೇ ಬೆಳೆಯುತ್ತದೆ.

ಇಂಥ ಎಳೆಯ ಮಿದುಳಿಗೆ ತಂಬಾಕಿನ ನಿಕೋಟಿನ್ ತಗುಲಿದರೆ ಹಿಡಿತ ಬಲು ಬೇಗ. ಬೀಡಿ, ಸಿಗರೇಟಿನ ಹೊಗೆಯ ಮೂಲಕ ಅದು ಮಿದುಳನ್ನು ಮುಟ್ಟಲು ಹತ್ತಾರು ಸೆಕೆಂಡುಗಳು ಸಾಕು. ಅಗಿಯುವ ತಂಬಾಕಿನಿಂದ ನಿಧಾನವಾಗಿ ಏರಿದರೂ ಹೆಚ್ಚು ಹೊತ್ತು ನಿಲ್ಲುತ್ತದೆ. ದಿನವೂ ಬಳಸುವ ಹಂತಕ್ಕೆ ಬರುವ ಮೊದಲೇ, ವಾರಕ್ಕೊಮ್ಮೆ ಎರಡು ಸಲ ಬಳಸುವ ಮಕ್ಕಳಲ್ಲಿಯೂ ಚಡಪಡಿಕೆ, ಸಿಡಿಮಿಡಿ, ಪಾಠದಲ್ಲಿ ಮನಸ್ಸು ನಿಲ್ಲದಿರುವಿಕೆ ಕಂಡುಬರಬಹುದು. 'ಒಮ್ಮೆ ನೋಡಿದರೆ ಏನಾದೀತು' ಎಂಬ ಮಾತು ಈ ವಯಸ್ಸಿನಲ್ಲಿ ಸುಳ್ಳಾಗುವುದು ಹೀಗೆ. 2019ರಲ್ಲಿ ದೇಶದಾದ್ಯಂತ ಶಾಲಾಮಕ್ಕಳಲ್ಲಿ ನಡೆದ ಸಮೀಕ್ಷೆಯಂತೆ 13ರಿಂದ 15 ವರ್ಷದವರಲ್ಲಿ ನೂರಕ್ಕೆ 8.5ರಷ್ಟು ಮಕ್ಕಳು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು.

ತಂಬಾಕು ಕೆಟ್ಟದ್ದೆಂದು ಎಲ್ಲರೂ ಒಪ್ಪುತ್ತಾರೆ. ಅಡಿಕೆಯ ವಿಷಯ ಬಂದಾಗ ಮಾತ್ರ ನಾವು ಮೃದುವಾಗುತ್ತೇವೆ. ಮಕ್ಕಳ ಮೊದಲ ಚೀಟು ಅನೇಕ ವೇಳೆ ತಂಬಾಕಿನದಲ್ಲ, ಸಿಹಿ ಅಡಿಕೆಯದು ಅಥವಾ ಪಾನ್ ಮಸಾಲೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಮಂಗಳಕಾರ್ಯದ ತಾಂಬೂಲಕ್ಕೂ ದಿನಕ್ಕೆ ಹತ್ತು ಚೀಟು ಅಗಿಯುವುದಕ್ಕೂ ಅಂತರವುಂಟು, ನಿಜ. ಆದರೂ ಮದುವೆಯ ಮನೆಯಲ್ಲಿ ಊಟವಾದ ಮಕ್ಕಳ ಕೈಗೆ ಅಡಿಕೆಪುಡಿ ಹಾಕುವ ವಾಡಿಕೆಯನ್ನು ಭಕ್ತರು ನಿಲ್ಲಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಬಡೇಸೋಪು ನೀಡಿದರೆ ಯಾವ ಶಾಸ್ತ್ರಕ್ಕೂ ಕುಂದಿಲ್ಲ.

ಅಡಿಕೆಯನ್ನು ನಿತ್ಯ ಅಗಿಯುವವರ ಬಾಯಿಯ ಒಳಪೊರೆ ಕ್ರಮೇಣ ತನ್ನ ಮೃದುತನವನ್ನು ಕಳೆದುಕೊಂಡು, ಗಾಯ ಮಾಯ್ದ ಜಾಗದಂತೆ ಬಿರುಸಾಗುತ್ತದೆ. ಕೆನ್ನೆಯೊಳಗೆ ನಾರಿನ ಪಟ್ಟಿಗಳು ಕಟ್ಟಿಕೊಳ್ಳುತ್ತವೆ. ಇದರ ಮೊದಲ ಸೂಚನೆ ನಮ್ಮ ಊಟದ ತಾಟಿನಲ್ಲಿಯೇ ಸಿಗುತ್ತದೆ. ಕೆಂಪು ಖಾರ, ರೊಟ್ಟಿಯನ್ನು ಚಪ್ಪರಿಸಿ ತಿನ್ನುತ್ತಿದ್ದ ಹುಡುಗ ಈಗ ಬಾಯುರಿಯೆಂದು ಖಾರವನ್ನು ದೂರ ಸರಿಸುತ್ತಾನೆ. ತಾಯಿಗೆ ಅದು ಉಷ್ಣವೆನಿಸಿ ಮಜ್ಜಿಗೆ ಕುಡಿಸುತ್ತಾಳೆ. ಮುಂದೆ ಕೆನ್ನೆಯ ಒಳಭಾಗ ಬಿಳಿಚಿಕೊಳ್ಳುತ್ತದೆ, ಶಿಳ್ಳೆ ಹಾಕಲು, ಗಲ್ಲ ಉಬ್ಬಿಸಲು ಕಷ್ಟವಾಗುತ್ತದೆ, ಕೊನೆಗೆ ರೊಟ್ಟಿಯ ತುತ್ತನ್ನೇ ಸಣ್ಣದು ಮಾಡಿಕೊಳ್ಳಬೇಕಾಗುತ್ತದೆ. ಆರೋಗ್ಯವಂತನ ಬಾಯಿಯಲ್ಲಿ ಅವನದೇ ಕೈಯ ಮೂರು ಬೆರಳುಗಳು ಒಂದರ ಮೇಲೊಂದು ನಿಂತು ಹೋಗಬೇಕು. ಎರಡೇ ಹೋದರೆ ದಂತವೈದ್ಯರಲ್ಲಿಗೆ ಕರೆದೊಯ್ಯಲು ತಡಮಾಡಬಾರದು. ಬಿಗಿದ ಬಾಯಿಯನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಚಟ ಬಿಟ್ಟರೆ ರೋಗ ಮುಂದುವರಿಯುವುದನ್ನು ಬಹುಮಟ್ಟಿಗೆ ತಡೆಯಬಹುದು, ವ್ಯಾಯಾಮ, ಚಿಕಿತ್ಸೆಗಳಿಂದ ಸ್ವಲ್ಪ ತೆರೆಯಿಸಬಹುದು. ಬಿಡದಿದ್ದರೆ ಈ ಸ್ಥಿತಿಯೇ ಕೆಲವರಲ್ಲಿ ಬಾಯಿಯ ಕ್ಯಾನ್ಸರಿಗೆ ದಾರಿಯಾಗುತ್ತದೆ.

ಹೆಣ್ಣುಮಕ್ಕಳಿಗೆ ಈ ಮಾತು ಸಂಬಂಧಿಸಿಲ್ಲವೆಂದು ಭಾವಿಸುವುದು ಬೇಡ. ಅಜ್ಜಿ ಹಲ್ಲಿಗೆ ತಿಕ್ಕುವ ನಶ್ಯ, ಮಿಶ್ರಿಗಳೂ ತಂಬಾಕೇ. ಹಲ್ಲುನೋವಿಗೆ ಮದ್ದೆಂದು ಮೊಮ್ಮಗಳ ಕೈಗೆ ಅದನ್ನು ಕೊಡುವುದು ಉಂಟು.

ಕಾನೂನು ಸುಮ್ಮನಿಲ್ಲ. 2013ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ವ್ಯಾಪಾರಿಗಳು ಪಾನ್ ಮಸಾಲೆಯನ್ನೊಂದು, ತಂಬಾಕನ್ನೊಂದು ಚೀಟಿನಲ್ಲಿ ಬೇರೆ ಬೇರೆ ತುಂಬಿ ಜೋಡಿಯಾಗಿ ಮಾರತೊಡಗಿದರು. ಕೊಂಡವನು ಅಂಗೈಯಲ್ಲಿ ಬೆರೆಸಿಕೊಂಡರೆ ಅದೇ ಗುಟ್ಕಾ! ಹದಿನೆಂಟು ತುಂಬದ ಮಗುವಿಗೆ, ವೈದ್ಯರ ಸಲಹೆಯಿಲ್ಲದೆ, ಮದ್ಯ ಅಥವಾ ತಂಬಾಕನ್ನು ಕೊಡುವವನಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮು ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಇದನ್ನು ಓದಿದಾಗ ನಮ್ಮ ಕಣ್ಣ ಮುಂದೆ ಬರುವವನು ಅಂಗಡಿಯವನೊಬ್ಬನೇ ಅಲ್ಲ. ಬಂದ ನೆಂಟರಿಗೆಂದು ಮಗನ ಕೈಯಲ್ಲಿ ಹಣ ಕೊಟ್ಟು ಬೀಡಿಕಟ್ಟು ತರಿಸುವ ಮನೆಗಳು ನಮ್ಮ ನಡುವೆ ಎಷ್ಟಿಲ್ಲ? ಅಂಗಡಿಯ ದಾರಿಯನ್ನು ಮಗುವಿಗೆ ತೋರಿಸಿದವರು ಮನೆಯವರೇ.

ಹಾಗಾದರೆ ಜಾತ್ರೆಯ ಆ ರಾತ್ರಿ ಹುಡುಗ ಏನು ಮಾಡಬೇಕು? 'ಕೆಟ್ಟವರ ಸಂಗ ಬೇಡ' ಎಂಬ ಉಪದೇಶ ಅಲ್ಲಿ ಕೆಲಸಕ್ಕೆ ಬಾರದು. ಕೊಡುವವನು ಕೆಟ್ಟವನಲ್ಲ, ತನ್ನಲ್ಲಿರುವುದನ್ನು ಹಂಚಿಕೊಳ್ಳುವ ಗೆಳೆಯ. ನಿರಾಕರಿಸಿದರೆ ಗೆಳೆತನವನ್ನೇ ನಿರಾಕರಿಸಿದಂತಾಗುವುದೆಂಬುದು ಹುಡುಗನ ನಿಜವಾದ ಅಳುಕು. ಆದ್ದರಿಂದ ವಸ್ತುವನ್ನು ಒಲ್ಲೆನೆನ್ನುತ್ತ ಗೆಳೆಯನನ್ನು ಉಳಿಸಿಕೊಳ್ಳುವ ಮಾತನ್ನು ಅವನಿಗೆ ಮನೆಯಲ್ಲಿಯೇ ಕಲಿಸಬೇಕು. 'ನಮ್ಮಪ್ಪ ಬೈತಾನ' ಎಂದರೆ ನಗುತ್ತಾರೆ, ಮತ್ತೆ ಒತ್ತಾಯಿಸುತ್ತಾರೆ. 'ನಾ ಇದನ್ನ ತಿನ್ನಂಗಿಲ್ಲ, ಬಾ ಮಿರ್ಚಿ ತಿನ್ನೂಣು' ಎಂದರೆ ವಾದಕ್ಕೆ ಎಡೆಯಿಲ್ಲ. ಮಾತು ಚಿಕ್ಕದಾಗಿರಲಿ, ಕಾರಣಗಳ ಪಟ್ಟಿ ಬೇಡ, ಹೇಳಿದ ಕೂಡಲೇ ಕಾಲು ಮುಂದೆ ಸಾಗಲಿ. ಊಟದ ಹೊತ್ತಿನಲ್ಲಿ ತಂದೆ ಗೆಳೆಯನ ಪಾತ್ರ ವಹಿಸಿ ಎರಡು ಸಲ ಇದನ್ನು ಆಡಿ ತೋರಿಸಿದರೆ ನಗೆಯೂ ಆಯಿತು, ಅಭ್ಯಾಸವೂ ಆಯಿತು. ಕುಡಿತದ ವಿಷಯಕ್ಕೂ, ಕುಡಿದವನ ಬೈಕಿನ ಹಿಂದೆ ಕುಳಿತು ಊರಿಗೆ ಮರಳುವ ವಿಷಯಕ್ಕೂ ಇದೇ ಅಭ್ಯಾಸ ಬೇಕು. ಎಷ್ಟು ಹೊತ್ತಿನಲ್ಲಿ ಫೋನು ಮಾಡಿದರೂ ಬಂದು ಕರೆದೊಯ್ಯುವೆ, ಆ ರಾತ್ರಿ ಬೈಯುವುದಿಲ್ಲ ಎಂಬ ಮಾತನ್ನು ತಂದೆ ಮೊದಲೇ ಕೊಟ್ಟಿರಬೇಕು, ಕೊಟ್ಟ ಮೇಲೆ ನಡೆಸಬೇಕು.

ತಾನೇ ತಂಬಾಕು ಹಾಕುವ ತಂದೆ ಏನು ಹೇಳಬಲ್ಲ? ಅವನಿಗೆ ಹೇಳುವ ಅಧಿಕಾರವಿಲ್ಲವೆಂದು ಕೆಲವರು ತಿಳಿಯುತ್ತಾರೆ, ನಾವು ಹಾಗೆ ತಿಳಿಯುವುದಿಲ್ಲ. 'ನಿನ್ನ ವಯಸ್ಸಿನಲ್ಲಿ ಹಿಡಿದದ್ದು, ಬಿಡಲು ಹೀಗೆ ಒದ್ದಾಡುತ್ತಿದ್ದೇನೆ' ಎಂದು ಮಗನೆದುರು ಹೇಳಿ, ಅವನ ಕಣ್ಣೆದುರಿಗೇ ಬಿಡಲು ತೊಡಗಿದ ತಂದೆಯ ಮಾತಿಗೆ ಪುಸ್ತಕದ ಪಾಠಕ್ಕಿಲ್ಲದ ತೂಕವಿದೆ. ಮುಚ್ಚಿಟ್ಟು ತಿನ್ನುವವನ ಮಾತಿಗೆ ಮಾತ್ರ ತೂಕವಿಲ್ಲ.

ಮಗ ಈಗಾಗಲೇ ಹಿಡಿದುಕೊಂಡಿದ್ದಾನೆಂದು ತಿಳಿದರೆ ಹೊಡೆತ, ಬೈಗುಳಗಳಿಂದ ಚಟ ಹೋಗದು, ಅಡಗುತ್ತದೆ. ಎಂದಿನಿಂದ, ದಿನಕ್ಕೆಷ್ಟು, ಯಾವ ಹೊತ್ತಿನಲ್ಲಿ ಬೇಕೆನಿಸುತ್ತದೆ ಎಂಬುದನ್ನು ಶಾಂತವಾಗಿ ಕೇಳಿ ತಿಳಿಯಬೇಕು. ಬಿಟ್ಟ ಮೊದಲ ಎರಡು ಮೂರು ದಿನಗಳು ಅತಿ ಕಠಿಣ: ತಲೆನೋವು, ಸಿಟ್ಟು, ನಿದ್ದೆಗೇಡು. ಎರಡು ನಾಲ್ಕು ವಾರಗಳಲ್ಲಿ ಇವು ಇಳಿಯುತ್ತವೆ. ಬೇಕೆಂಬ ತುಡಿತ ಬಂದಾಗ ಅದು ಸಾಮಾನ್ಯವಾಗಿ ಕೆಲವೇ ನಿಮಿಷ ನಿಂತು ತಾನಾಗಿ ಹಿಂದೆ ಸರಿಯುತ್ತದೆ. ಆ ನಿಮಿಷಗಳಿಗೆ ಬಾಯಿಗೊಂದಿಷ್ಟು ನೀರು, ಬಡೇಸೋಪು ಅಥವಾ ಹುರಿದ ಶೇಂಗಾ, ಕೈಕಾಲಿಗೊಂದು ಕೆಲಸ ಸಾಕು. ಬಾಯುರಿ ಇದ್ದರೆ ಶೇಂಗಾ ಬೇಡ. ತಂಬಾಕಿಗೆ ಬದಲು ಅಡಿಕೆ ಎಂಬ ಒಪ್ಪಂದವನ್ನಂತೂ ಮಾಡಿಕೊಳ್ಳಬಾರದು. ನಿಕೋಟಿನ್ ಗಮ್ಮನ್ನು ವೈದ್ಯರನ್ನು ಕೇಳದೆ ಮಕ್ಕಳಿಗೆ ಕೊಡಕೂಡದು. ಮಧ್ಯದಲ್ಲೊಮ್ಮೆ ಜಾರಿ ಮತ್ತೆ ತಿಂದನೆಂದರೆ ಎಲ್ಲವೂ ಮುಗಿಯಿತೆಂದಲ್ಲ, ಮರುದಿನದಿಂದ ಲೆಕ್ಕ ಮುಂದುವರಿಯುತ್ತದೆ.

10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಎಂಬ ಪ್ರತ್ಯೇಕ ಸಮಾಲೋಚನೆಯ ವ್ಯವಸ್ಥೆಯಿದೆ. ಚಟಗಳಷ್ಟೇ ಅಲ್ಲ, ಮುಟ್ಟು, ರಕ್ತಹೀನತೆ, ಮನಸ್ಸಿನ ಕಳವಳಗಳ ಬಗೆಗೂ ಅಲ್ಲಿ ಗುಟ್ಟಾಗಿ ಮಾತನಾಡಬಹುದು. ಬಾದಾಮಿ, ಹುನಗುಂದದವರು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಲಿ. ಬಾಯಿಯ ತಪಾಸಣೆಗೆ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ದಂತ ವೈದ್ಯಕೀಯ ಕಾಲೇಜಿದೆ. ತಂಬಾಕು ಬಿಡಲು ನೆರವು ಕೋರಿ 1800-11-2356ಕ್ಕೆ, ಮಾನಸಿಕ ತೊಳಲಾಟಕ್ಕೆ 14416ಕ್ಕೆ, ಮಕ್ಕಳು ಅಪಾಯದಲ್ಲಿದ್ದರೆ 1098ಕ್ಕೆ ಹಣ ಕೊಡದೆ ಕರೆ ಮಾಡಬಹುದು. ಅಡಿಕೆ, ತಂಬಾಕು ಬಿಟ್ಟ ಮಕ್ಕಳೂ ಆರು ತಿಂಗಳಿಗೊಮ್ಮೆ ದಂತವೈದ್ಯರಿಗೆ ಬಾಯಿ ತೋರಿಸುತ್ತಿರಬೇಕು. ತಿಂಗಳಿಗೊಮ್ಮೆ ಮನೆಯಲ್ಲಿ ಮೂರು ಬೆರಳಿನ ಪರೀಕ್ಷೆಯನ್ನು ತಂದೆಮಕ್ಕಳು ಒಟ್ಟಿಗೆ ಕನ್ನಡಿಯ ಮುಂದೆ ನಿಂತು ಮಾಡಿಕೊಳ್ಳಲಿ.