ಮುಧೋಳ ಸೀಮೆ ಮತ್ತು ಜೈನ ಗೃಹಸ್ಥರ ವ್ರತನಿಯಮಗಳು

ಘಟಪ್ರಭಾ ತೀರದ ಮುಧೋಳ ಕವಿಚಕ್ರವರ್ತಿ ರನ್ನನ ಜನ್ಮಸ್ಥಳ. ಬಳೆಗಾರರ ಕುಲದಲ್ಲಿ ಹುಟ್ಟಿದ ಆತ ಜೈನ ಶ್ರಾವಕ. ಶ್ರಾವಕನಿಗೆ ವಿಧಿಸಲಾದ ವ್ರತಗಳು ಹನ್ನೆರಡು: ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ.

ಯೆಹೂದಿ ಪರಂಪರೆ 613 ಕಟ್ಟಳೆಗಳನ್ನು ಎಣಿಸುತ್ತದೆ. 248 ವಿಧಿ, 365 ನಿಷೇಧ. ಅವು ದೇವರ ಆಜ್ಞೆಗಳು. ಅಣುವ್ರತವಾದರೋ ಗೃಹಸ್ಥನು ತಾನಾಗಿಯೇ ಕೈಗೊಳ್ಳುವ ಸಂಕಲ್ಪ.

ನೇಗಿಲು ಹೂಡಿದೊಡನೆ ಮಣ್ಣಿನ ಜೀವಿಗಳಿಗೆ ಹಾನಿ ತಪ್ಪದು. ಹಾಗಿದ್ದಲ್ಲಿ ಒಕ್ಕಲುತನದ ಜೈನನು ಅಹಿಂಸೆಯನ್ನು ಪಾಲಿಸುವುದೆಂತು? ಇದಕ್ಕೆ ಉತ್ತರವಾಗಿ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಲಾಗಿದೆ. ಉದ್ದೇಶಪೂರ್ವಕವಾದ ಸಂಕಲ್ಪಹಿಂಸೆ ಗೃಹಸ್ಥನಿಗೆ ಸಂಪೂರ್ಣ ನಿಷಿದ್ಧ. ಮನೆಗೆಲಸ, ಕಸುಬು, ಆತ್ಮರಕ್ಷಣೆಗಳಲ್ಲಿ ಒದಗುವ ಹಿಂಸೆಯನ್ನು ಆತ ಆದಷ್ಟು ತಗ್ಗಿಸಬೇಕು. ಕ್ರಿ.ಶ. 993ರಲ್ಲಿ ‘ಅಜಿತಪುರಾಣ’ ರಚಿಸಿದ ರನ್ನನೇ ‘ಗದಾಯುದ್ಧ’ವನ್ನೂ ಬರೆದುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬಹುದು.

ಶಾಸ್ತ್ರಗ್ರಂಥ ಓದದವರಲ್ಲಿಯೂ ಈ ನಿಯಮಗಳು ಬದುಕಿರುವುದು ಆಚರಣೆಯಾಗಿ. ಹೊತ್ತು ಮುಳುಗುವ ಮುನ್ನ ಉಣ್ಣುವುದು, ನೀರನ್ನು ಅರಿವೆಯಲ್ಲಿ ಸೋಸಿ ಬಳಸುವುದು ಇದಕ್ಕೆ ನಿದರ್ಶನ. ಸೋಸಿದ ಬಳಿಕ ಅರಿವೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ. ನೀರು ತಂದ ಬಾವಿಗೇ ಮರಳಿ ಬಿಡಬೇಕು. ಕುಡಿಯುವವನ ಆರೋಗ್ಯಕ್ಕಷ್ಟೇ ಸೋಸುವುದಾಗಿದ್ದರೆ ಈ ಕೊನೆಯ ಕ್ರಿಯೆ ಬೇಕಿರಲಿಲ್ಲ. ವ್ರತದ ತಿರುಳು ಇರುವುದು ಇದರಲ್ಲಿಯೇ.